ಹಗ್ಗ ಹಿಡಿದ ಕೈ

ಪ್ರಾಜಕ್ತಾ ಮಂಗಳವಾರ ಬರುತ್ತಾಳೆಂದು ಫೋನು ಬಂದಾಗಿನಿಂದ ಹಾಲಸಿದ್ದನಿಗೆ ತಂಬಾಕು ಕೂಡ ರುಚಿಸದಾಯಿತು. ಅದೂ ನಲವತ್ತು ವರ್ಷದಿಂದ ಒಂದೇ ಅಂಗಡಿಯಿಂದ ತರಿಸಿಕೊಳ್ಳುತ್ತಿದ್ದ ನಿಪ್ಪಾಣಿಯ ತಂಬಾಕು. ಅಂಗೈಗೆ ಹಾಕಿಕೊಂಡು, ಸುಣ್ಣ ಹಚ್ಚಿ, ತಿಕ್ಕುತ್ತ ಕೂತವನು ತುಟಿಗೆ ಇಡುವುದನ್ನೇ ಮರೆತು ಗಾಳಿಗೆ ಬಿಟ್ಟುಬಿಡುತ್ತಿದ್ದ. ಹಾಲಸಿದ್ದ ತಂಬಾಕು ಚೆಲ್ಲುತ್ತಿದ್ದಾನೆಂದರೆ ಏನೋ ಆಗಿದೆ ಎಂದು ಉಗಾರ ಬುದ್ರುಕದ ಜನ ತಿಳಿದುಕೊಳ್ಳಬೇಕಿತ್ತು. ಆದರೆ ಅದು ಕಬ್ಬಿನ ಹಂಗಾಮು, ಯಾರಿಗೆ ಪುರುಸೊತ್ತು?

ಆದದ್ದು ಹೋದ ವರ್ಷ. ಅವನ ತಂಗಿಯ ಗಂಡ ರಾಜಾರಾಮ ಕೃಷ್ಣಾ ನದಿಯಲ್ಲಿ ಮುಳುಗಿ ಸಾಯುವಂತಾಗಿ ಬದುಕಿದ. ತಪ್ಪು ಕಾಲೇಜಿನಿಂದ ಬಂದಿದ್ದ ಪ್ರಾಜಕ್ತಾಳ ಮಿಷನ್ನಿನದು ಎಂದು ಊರು ತೀರ್ಮಾನ ಮಾಡಿ ಕೈ ತೊಳೆದುಕೊಂಡಿತ್ತು. ಅದು ಪೂರ್ತಿ ನಿಜವಲ್ಲ ಎಂದು ಹಾಲಸಿದ್ದನಿಗೆ ಗೊತ್ತಿತ್ತು. ಈಗ ಆ ಹುಡುಗಿ ಕಡೆಯ ವರದಿ ಬರೆಯುವುದಕ್ಕಾಗಿ ಬರುತ್ತಿದ್ದಳು. ‘ಈ ಮಿಷನ್ನು ನಂಬುವಂಥದ್ದಲ್ಲ’ ಎಂದು ಬುಧವಾರ ಕಾಲೇಜಿಗೆ ಬರೆದುಕೊಟ್ಟರೆ ಅವಳ ಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಹಾಲಸಿದ್ದ ಬಾಯಿ ಬಿಟ್ಟರೆ ಅದು ಉಳಿಯುತ್ತಿತ್ತು, ಆದರೆ ಅವನ ಹೆಸರು ಹೋಗುತ್ತಿತ್ತು.

ಹೆಸರು ಎಂದರೆ ಸಣ್ಣದಲ್ಲ. ಊರಲ್ಲಿ ಇನ್ನಿಬ್ಬರು ಹಾಲಸಿದ್ದರಿದ್ದಾರೆ, ಒಬ್ಬ ಕುರಿ ಹಾಲಸಿದ್ದ, ಇನ್ನೊಬ್ಬ ಬೊಬ್ಬೆ ಹಾಲಸಿದ್ದ. ನಮ್ಮವನು ಹಗ್ಗದ ಹಾಲಸಿದ್ದ. ನದಿಯ ದಂಡೆಗುಂಟ ನೀರೆತ್ತುವ ಜಾಕ್‌ವೆಲ್‌ಗಳು ಸಾಲಾಗಿ ನಿಂತಿವೆಯಲ್ಲ, ಕಬ್ಬಿಗೆ ಹೋಗುವ ನೀರು ಮೊದಲು ನದಿಯ ತಳದಲ್ಲಿರುವ ಕಬ್ಬಿಣದ ಜಾಳಿಯನ್ನು ದಾಟಿ ಅವುಗಳಿಗೆ ಬರಬೇಕು. ಆ ಜಾಳಿಗೆ ರಾಡಿ ಮೆತ್ತುತ್ತದೆ, ನೀರ ಮೇಲೆ ತೇಲುವ ಜಲಪರ್ಣಿ ಕಳೆಯ ಬೇರು ಸುತ್ತುತ್ತದೆ, ಯಾರೋ ಬಿಟ್ಟ ಹಳೆಯ ಸೀರೆ, ಹರಿದ ಬಲೆ, ಗೊಬ್ಬರದ ಚೀಲ ಎಲ್ಲ ಬಂದು ತಗಲುತ್ತವೆ. ಆಗ ಪಂಪು ಬಂದ್ ಮಾಡಿ ಒಬ್ಬ ಮನುಷ್ಯ ಉಸಿರು ಕಟ್ಟಿ ಕೆಳಗೆ ಹೋಗಬೇಕು, ಇನ್ನೊಬ್ಬ ಮೇಲೆ ಅವನ ಸೊಂಟದ ಹಗ್ಗ ಹಿಡಿದು ಕೂರಬೇಕು. ಹಾಲಸಿದ್ದ ಆ ಇನ್ನೊಬ್ಬ. ಅವನ ಅಪ್ಪನೂ ಅದನ್ನೇ ಮಾಡಿದವನು. ಹಾಲಸಿದ್ದ ಸ್ವತಃ ಎದೆಮಟ್ಟ ನೀರಿಗಿಂತ ಆಳಕ್ಕೆ ಇಳಿದದ್ದನ್ನು ಕಂಡವರಿಲ್ಲ ಎಂದು ಜನ ಚೇಷ್ಟೆ ಮಾಡುತ್ತಿದ್ದರು, ಅವನೂ ನಗುತ್ತಿದ್ದ. ‘ಇಬ್ಬರೂ ಮುಳುಗಿದ್ರ ಎಳೆಯವರ ಯಾರ್ರಿ?’ ಎನ್ನುತ್ತಿದ್ದ.

ಈ ಕೆಲಸಕ್ಕೆ ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಹಗ್ಗ ಹಿಡಿಯುವವನು ಮುಳುಗುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಸ್ವಂತ ಅಣ್ಣತಮ್ಮಂದಿರು ಕೂಡ ಬೇಡ, ಅವರಿಗೆ ಹೊಲದ ಪಾಲಿನ ಆಸೆ ಇರುತ್ತದೆ. ತಂಗಿಯ ಕುಂಕುಮ ಅಳಿಸಲಿ ಎನ್ನುವ ಅಣ್ಣ ಮಾತ್ರ ಎಲ್ಲಿಯೂ ಇಲ್ಲ. ಅದಕ್ಕೇ ಹಾಲಸಿದ್ದ ತಂಗಿ ಸತ್ತೆವ್ವನಿಗೆ ಗಂಡು ಹುಡುಕುವಾಗ ಹೊಲ ನೋಡಲಿಲ್ಲ, ಮನೆ ನೋಡಲಿಲ್ಲ. ಸದಲಗಾದ ಬಳಿ ದೂಧಗಂಗೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ರಾಜಾರಾಮನನ್ನು ಕಂಡ. ಅವನು ಒಂದು ಸಲ ಮುಳುಗಿ ಆಚೆ ದಂಡೆಯಲ್ಲಿ ತಲೆ ಎತ್ತಿದ. ಅಲ್ಲೇ ಸಂಬಂಧ ಗಟ್ಟಿಯಾಯಿತು. ಹುಡುಗಿ ತೋರಿಸುವ ಮೊದಲೇ ಹಗ್ಗ ತೋರಿಸಿದ ಎಂದು ಬೀಗರು ಎಷ್ಟೋ ವರ್ಷ ಆಡಿಕೊಂಡರು.

ಇಪ್ಪತ್ತಾರು ವರ್ಷ ಆ ಹಗ್ಗ ನಡೆಯಿತು. ಪ್ರತಿ ಸಲವೂ ಸತ್ತೆವ್ವ ದಂಡೆಗೆ ಬಂದು ಹಗ್ಗದ ತುದಿಯನ್ನು ಅಣ್ಣನ ಕೈಗೆ ಕೊಡುತ್ತಿದ್ದಳು. ‘ನಿನ್ನ ಕೈಯಾಗ ಕೊಟ್ಟೀನಿ ಅಣ್ಣಾ’ ಎಂದಷ್ಟೇ ಹೇಳಿ, ಹಿಂತಿರುಗಿ ನೋಡದೆ ಮನೆಗೆ ಹೋಗುತ್ತಿದ್ದಳು. ಹಾಲಸಿದ್ದ ಹಗ್ಗವನ್ನು ಬಲ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡು ತಂಬಾಕು ತಿಕ್ಕಲು ಶುರು ಮಾಡುತ್ತಿದ್ದ. ಅದೇ ಅವನ ಗಡಿಯಾರ. ತಂಬಾಕು ಹದಕ್ಕೆ ಬಂದು ತುಟಿಯೊಳಗೆ ಸೇರುವಷ್ಟರಲ್ಲಿ ರಾಜಾರಾಮ ಮೇಲೆ ಬರಬೇಕು. ಹಗ್ಗ ಒಮ್ಮೆ ಜಗ್ಗಿದರೆ ಇನ್ನಷ್ಟು ಬಿಡು, ಎರಡು ಸಲ ಜಗ್ಗಿದರೆ ತಡಿ, ಮೂರು ಸಲ ಒಂದೇ ಸಮ ಜಗ್ಗಿದರೆ ಎಳಿ. ಮೂರು ಬಂತೆಂದರೆ ಕೇಳುವುದಿಲ್ಲ, ಯೋಚಿಸುವುದಿಲ್ಲ, ಎಳೆಯುವುದೇ.

ಆ ‘ಎಳಿ’ ಎಂಬ ಸನ್ನೆಯನ್ನು ಅವರು ಆಟಕ್ಕೆ ಮಾಡುತ್ತಿರಲಿಲ್ಲ. ದಂಡೆಯ ಮೇಲೆ ಕೂತು ತೋರಿಸಿಕೊಡುವಾಗಲೂ ಇಲ್ಲ, ಕುಡಿದಾಗಲೂ ಇಲ್ಲ. ಸುಮ್ಮನೆ ಒಂದು ಸಲ ಕರೆದು, ಎಳೆಯುವವನು ಎಳೆಯದೆ ಬಿಟ್ಟನೆಂದರೆ ನದಿ ಅದನ್ನು ನೆನಪಿಟ್ಟುಕೊಳ್ಳುತ್ತದಂತೆ. ಮುಂದೆ ನಿಜವಾಗಿ ಕರೆದಾಗ ಯಾರ ಕಿವಿಗೂ ಬೀಳದಂತೆ ಮಾಡುತ್ತದಂತೆ. ಇದನ್ನು ಹಾಲಸಿದ್ದನ ಅಪ್ಪ ಹೇಳಿದ್ದ, ಹಾಲಸಿದ್ದ ರಾಜಾರಾಮನಿಗೆ ಹೇಳಿದ್ದ. ಇಬ್ಬರೂ ದೇವರಿಗಿಂತ ಹೆಚ್ಚಾಗಿ ಈ ಮಾತಿಗೆ ಹೆದರುತ್ತಿದ್ದರು.

ಪ್ರಾಜಕ್ತಾ ಮೊದಲ ಸಲ ಊರಿಗೆ ಬಂದದ್ದು ಹೋದ ವರ್ಷ. ನಿಪ್ಪಾಣಿಯ ಹುಡುಗಿ, ಎಂಜಿನಿಯರಿಂಗ್ ಓದಿ ಅದರ ಮೇಲೆ ಇನ್ನೇನೋ ಸಂಶೋಧನೆ ಮಾಡುತ್ತಿದ್ದಳು. ನೀರಾವರಿ ಸಂಘದ ಚೇರಮನ್ ಬಾಬಾಸಾಹೇಬರು ಅವಳ ತಂದೆಯ ಸ್ನೇಹಿತರು. ಅವರೇ ಅವಳನ್ನು ಜೀಪಿನಲ್ಲಿ ಜಾಕ್‌ವೆಲ್‌ಗೆ ಕರೆತಂದರು. ಅವಳು ಒಂದು ಡಬ್ಬಿ ತೆರೆದು ಅದರಿಂದ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳನೆಯ ಪಟ್ಟಿಗಳನ್ನು ಚಿಮಟಿಯಲ್ಲಿ ಎತ್ತಿ ತೋರಿಸಿದಳು. ಅವುಗಳ ಒಳಗೆ ಕೂದಲಿನಂಥ ಬೆಳ್ಳಿ ಗೆರೆಗಳಿದ್ದವು.

‘ಇದು ಕರೆಂಟಿನ ಚರ್ಮ ಅನ್ಕೋರಿ ಕಾಕಾ’ ಎಂದಳು. ‘ಬೆರಳಿನ ಗೆಣ್ಣಿಗೆ, ಮಣಿಕಟ್ಟಿಗೆ ಅಂಟಸ್ತೀವಿ. ಬೆರಳು ಮಡಚಿದ್ರ ಪಟ್ಟಿ ಹಿಗ್ಗತೈತಿ, ಎಷ್ಟು ಹಿಗ್ಗಿತು ಅಂತ ಕಂಪ್ಯೂಟರಿಗೆ ತಿಳೀತೈತಿ. ನೀರಾಗ ಕೈಸನ್ನೆ ಮಾಡಿದ್ರ ಮ್ಯಾಲ ನಿಮ್ಮ ಫೋನಿನಾಗ ಅಕ್ಷರ ಬರ್ತಾವ.’

‘ನೀರಾಗ ರೇಂಜ್ ಹ್ಯಾಂಗ ಸಿಗ್ತೈತ್ರಿ?’ ಎಂದು ರಾಜಾರಾಮ ಕೇಳಿದ. ಊರಲ್ಲೇ ರೇಂಜ್ ಸಿಗದವನ ನ್ಯಾಯವಾದ ಪ್ರಶ್ನೆ ಅದು.

‘ಸಿಗೂದಿಲ್ಲ. ಅದಕ್ಕ ನಿಮ್ಮ ಹಗ್ಗದ ಜೋಡಿ ಒಂದು ಸಣ್ಣ ವಾಯರು ಮ್ಯಾಲ ಬರ್ತೈತಿ. ಅದರ ತುದಿಗೆ ಒಂದು ತೇಲುವ ಡಬ್ಬಿ. ಡಬ್ಬಿಯಿಂದ ಫೋನಿಗೆ.’

ಹಾಲಸಿದ್ದನಿಗೆ ಮೊದಲ ದಿನ ಸಿಟ್ಟು ಬಂದಿತ್ತು. ತನ್ನ ಮಣಿಕಟ್ಟು ಮಾಡುವ ಕೆಲಸವನ್ನು ಸಿಪ್ಪೆಗೆ ಕೊಡುತ್ತಾರಲ್ಲ ಎಂದು. ಆದರೆ ಎರಡನೇ ದಿನ ರಾಜಾರಾಮ ಎರಡಾಳು ನೀರಿನೊಳಗಿಂದ ಕೈಯಾಡಿಸಿದಾಗ, ದಂಡೆಯ ಮೇಲಿದ್ದ ಹಾಲಸಿದ್ದನ ಫೋನಿನ ಮೇಲೆ ‘ಹಗ್ಗ ಬಿಡು’ ಎಂದು ಕನ್ನಡದಲ್ಲೇ ಅಕ್ಷರ ಮೂಡಿತು. ಹಾಲಸಿದ್ದ ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಆಮೇಲೆ ಸಿಕ್ಕವರಿಗೆಲ್ಲ ಫೋನು ಹಿಡಿದು ತೋರಿಸಿದ. ‘ನಮ್ಮ ಅಳಿಯ ನೀರಾಗಿಂದ ಚೀಟಿ ಬರೀತಾನ್ರಿ’ ಎಂದು ಉಗಾರದಿಂದ ಕಾಗವಾಡದವರೆಗೆ ಹೇಳಿಕೊಂಡು ಬಂದ. ತಂಗಿಯ ಗಂಡನನ್ನು ಅಳಿಯ ಎನ್ನುವುದು, ಹೆಂಡತಿಯ ಅಣ್ಣನನ್ನು ಮಾಂವ ಎನ್ನುವುದು ಆ ಕಡೆಯ ರೂಢಿ. ಹೆಮ್ಮೆ ಬಂದರೆ ಅವನಿಗೆ ತಡೆಯುವುದು ಗೊತ್ತಿರಲಿಲ್ಲ.

ಮಿಷನ್ನಿಗೆ ಸನ್ನೆಗಳನ್ನು ಮೊದಲು ಕಲಿಸಬೇಕಿತ್ತು. ಒಂದೊಂದು ಸನ್ನೆಯನ್ನೂ ಮುಳುಗುವವನು ದಂಡೆಯ ಮೇಲೆ ಕೂತು ಐವತ್ತು ಸಲ ಮಾಡಬೇಕು. ಅವನ ಕೈ ಹೇಗೆ ಮಡಚುತ್ತದೆ ಎಂದು ಕಂಪ್ಯೂಟರು ಗುರುತಿಟ್ಟುಕೊಳ್ಳುತ್ತದೆ. ‘ಒಬ್ಬೊಬ್ಬರ ಕೈ ಒಂದೊಂದು ನಮೂನಿ ಇರ್ತೈತಿ, ಅದಕ್ಕ ಅವರ ಕೈಯಿಂದನ ಕಲೀಬೇಕು’ ಎಂದು ಪ್ರಾಜಕ್ತಾ ಒಂದಲ್ಲ, ಎರಡು ಸಲ ಹೇಳಿದ್ದಳು. ಹಾಲಸಿದ್ದ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದ. ಈಗ ಅವನನ್ನು ಹೆಚ್ಚು ಚುಚ್ಚುವುದು ಆ ತಲೆಯಾಡಿಸಿದ್ದು.

ಎರಡು ಬೆರಳು ಚಾಚಿದರೆ ಹಗ್ಗ ಬಿಡು. ಹೆಬ್ಬೆರಳು ಎತ್ತಿದರೆ ಕೆಲಸ ಮುಗಿಯಿತು. ನಾಲ್ಕೂ ಬೆರಳು ಅರ್ಧ ಮಡಚಿದರೆ ತಡಿ. ಇಷ್ಟನ್ನೂ ರಾಜಾರಾಮ ಸಂತೋಷದಿಂದ ಐವತ್ತೈವತ್ತು ಸಲ ಮಾಡಿದ. ಉಳಿದದ್ದು ಮುಷ್ಟಿ ಬಿಗಿಯುವುದು. ಮುಷ್ಟಿ ಎಂದರೆ ಎಳಿ.

ಅಷ್ಟರಲ್ಲಿ ಬಾಬಾಸಾಹೇಬರ ಮನೆಯಿಂದ ಊಟಕ್ಕೆ ಕರೆ ಬಂದು ಪ್ರಾಜಕ್ತಾ ಎದ್ದಳು. ‘ಕಾಕಾ, ಇದೊಂದು ಮುಗಿಸಿ ಇಡ್ರಿ. ಟಿಂಗ್ ಅಂದಾಗೊಮ್ಮೆ ಮುಷ್ಟಿ ಕಟ್ಟೂದು, ಬಿಡೂದು. ಐವತ್ತಾದ ಮ್ಯಾಲ ಅದ ನಿಲ್ಲತೈತಿ’ ಎಂದು ಹೇಳಿ ಹೋದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದಲ್ಲ ಎರಡಲ್ಲ, ಐವತ್ತು ಸಲ ಸುಳ್ಳು ಕರೆ! ಅದೂ ನದಿಯ ಎದುರಿಗೇ ಕೂತು.

‘ನನ್ನಿಂದ ಆಗೂದಿಲ್ಲ ಮಾಂವಾ’ ಎಂದ ರಾಜಾರಾಮ.

‘ಅಕಿ ಓದಿದ ಹುಡುಗಿ, ಅಕಿಗೆ ಇದನ್ನ ಹೇಳಿದ್ರ ನಗ್ತಾಳೋ’ ಎಂದು ಹಾಲಸಿದ್ದ ಯೋಚಿಸಿದ. ಆಮೇಲೆ ತನಗೆ ಬಹಳ ಜಾಣತನದ್ದೆನಿಸಿದ ಒಂದು ದಾರಿ ಹೊಳೆಯಿತು. ‘ನಾ ಎಳೆಯಾಂವ. ನಾ ಮುಷ್ಟಿ ಕಟ್ಟಿದ್ರ ಅದು ಕರೆದಂಗ ಆಗೂದಿಲ್ಲ. ನದಿ ಲೆಕ್ಕಕ್ಕ ಹಿಡಿಯೂದಿಲ್ಲ. ತಾ ಇಲ್ಲೆ, ನನ್ನ ಕೈಗೆ ಹಚ್ಚು.’

ರಾಜಾರಾಮನ ಕೈಯಿಂದ ಪಟ್ಟಿಗಳನ್ನು ನಾಜೂಕಾಗಿ ಬಿಡಿಸಿ ಹಾಲಸಿದ್ದನ ಗೆಣ್ಣುಗಳಿಗೆ ಅಂಟಿಸಿದರು. ಐವತ್ತು ಸಲ ಟಿಂಗ್ ಎಂದಿತು, ಐವತ್ತು ಸಲ ಹಾಲಸಿದ್ದ ಗಟ್ಟಿಯಾಗಿ ಮುಷ್ಟಿ ಕಟ್ಟಿದ. ಪ್ರಾಜಕ್ತಾ ಬರುವಷ್ಟರಲ್ಲಿ ಪಟ್ಟಿಗಳು ಮತ್ತೆ ಅಳಿಯನ ಕೈ ಮೇಲಿದ್ದವು. ‘ಆತೇನ್ರಿ?’ ಎಂದಳು. ‘ಆತವ್ವಾ’ ಎಂದ ಹಾಲಸಿದ್ದ. ‘ಭಾಳ ಛಲೋ ಬಂದೈತಿ’ ಎಂದು ಅವಳು ಮೆಚ್ಚಿಕೊಂಡಳು. ಇಬ್ಬರೂ ಹುಡುಗರ ಹಾಗೆ ಕಣ್ಣಲ್ಲೇ ನಕ್ಕರು.

ಅವರಿಬ್ಬರ ತಲೆಗೂ ಹೊಳೆಯದೆ ಹೋದದ್ದು ಒಂದಿತ್ತು. ಹದಿನೆಂಟು ವರ್ಷದ ಹಿಂದೆ ಬೇಡಕಿಹಾಳದಲ್ಲಿ ಬೆಲ್ಲದ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ರಾಜಾರಾಮನ ಬಲಗೈಯ ಬೆರಳುಗಳು ಸಿಕ್ಕಿಕೊಂಡಿದ್ದವು. ಬೆರಳು ಉಳಿದವು, ಆದರೆ ಅವು ಪೂರ್ತಿ ಮಡಚುತ್ತಿರಲಿಲ್ಲ. ಅವನು ಊಟ ಮಾಡುತ್ತಿದ್ದ, ಕುಡಗೋಲು ಹಿಡಿಯುತ್ತಿದ್ದ, ಜಾಳಿಯ ಕಸ ಕೀಳುತ್ತಿದ್ದ. ಅವನು ಮುಷ್ಟಿ ಕಟ್ಟಿದರೆ ಮನೆಯವರಿಗೆ ಅದು ಮುಷ್ಟಿಯಾಗಿಯೇ ಕಾಣುತ್ತಿತ್ತು. ದಿನಾ ನೋಡುವ ಕಣ್ಣಿಗೆ ಊನ ಎಲ್ಲಿ ಕಾಣುತ್ತದೆ? ಮಿಷನ್ನಿಗೆ ಮಾತ್ರ ಅದು ನಾಲ್ಕು ಬೆರಳು ಅರ್ಧ ಮಡಚಿದ ಕೈ. ಎಂದರೆ, ತಡಿ.

ನಾಲ್ಕನೇ ದಿನ ಜಾಳಿ ನಿಜವಾಗಿ ಕಟ್ಟಿತು. ಸತ್ತೆವ್ವ ಬಂದು ಹಗ್ಗದ ತುದಿ ಕೊಟ್ಟು ಹೋದಳು. ರಾಜಾರಾಮ ಪಟ್ಟಿ ಅಂಟಿಸಿಕೊಂಡು ಇಳಿದ. ಪ್ರಾಜಕ್ತಾ ಪಂಪಿನ ಕೋಣೆಯ ನೆರಳಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ದಂಡೆಯ ಮೇಲೆ ಬಿಸಿಲು, ಫೋನಿನ ಅಕ್ಷರ ಕಾಣುತ್ತಿರಲಿಲ್ಲ. ಹಾಲಸಿದ್ದ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಟವೆಲ್ಲಿನ ಮರೆ ಮಾಡಿದ. ಮಣಿಕಟ್ಟಿನ ಹಗ್ಗ ಅಲುಗಿದಾಗಲೆಲ್ಲ ಫೋನೂ ಅಲುಗುತ್ತಿತ್ತು. ಅವನು ಹಗ್ಗವನ್ನು ಬಿಚ್ಚಿ ಕಲ್ಲಿನ ಮೇಲೆ ಹಾಕಿ, ಅದರ ಮೇಲೆ ಬಲಗಾಲಿಟ್ಟ. ಕಾಲಲ್ಲಿ ಟಾಯರಿನ ಚಪ್ಪಲಿ. ಕೈಯಲ್ಲಿ ತಂಬಾಕೂ ಇರಲಿಲ್ಲ.

ಫೋನಿನ ಮೇಲೆ ‘ತಡಿ’ ಎಂದು ಬಂತು. ಹಾಲಸಿದ್ದ ತಡೆದ. ಮತ್ತೆ ‘ತಡಿ’. ಜಾಳಿಯ ಹತ್ತಿರ ಕೆಲಸ ಜಾಸ್ತಿ ಇರಬೇಕು ಎಂದುಕೊಂಡ. ಮೂರನೆಯ ‘ತಡಿ’ಗೆ ಅವನ ಮುಖದಲ್ಲಿ ನಗು ಕೂಡ ಇತ್ತು, ಅಳಿಯ ಎಂಥ ದಮ್ಮಿನವನು ಎಂದು. ನಾಲ್ಕನೆಯದೂ ಬಂತು. ಆಮೇಲೆ ಏನೂ ಬರಲಿಲ್ಲ.

ಪಂಪು ನೋಡಿಕೊಳ್ಳುವ ಅಣ್ಣಾಸಾಬ ಒಳಗಿಂದ ಬಂದು, ‘ಏ ಹಾಲಸಿದ್ದ, ಇನ್ನೂ ಬಂದಿಲ್ಲೇನೋ ಅಂವ? ನಾ ಒಂದು ಬೀಡಿ ಸೇದಿ ಮುಗಿಸಿದೆ’ ಎಂದ.

ಆಗ ಎಳೆದರು. ರಾಜಾರಾಮನ ಕಾಲು ಹರಿದ ಬಲೆಗೆ ಸಿಕ್ಕಿತ್ತು. ಇಬ್ಬರೂ ಕೂಡಿ ಎಳೆದಾಗ ಕಾಲಿನ ಚರ್ಮ ಸುಲಿದು ಮೇಲೆ ಬಂದ. ತುಟಿಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಬಾಬಾಸಾಹೇಬರ ಜೀಪಿನಲ್ಲಿ ಮಿರಜಕ್ಕೆ ಒಯ್ದರು. ಹನ್ನೊಂದು ದಿನ ನಳಿಗೆಯಲ್ಲಿ ಉಸಿರಾಡಿದ. ಉಳಿದ, ಆದರೆ ನದಿಗೆ ಇಳಿಯುವ ಪಾವಟಿಗೆಯನ್ನೂ ಈಗ ಅವನು ಹತ್ತಲಾರ. ನಾಲ್ಕು ಮಾತಿಗೊಮ್ಮೆ ನಿಂತು ಗಾಳಿ ಎಳೆದುಕೊಳ್ಳುತ್ತಾನೆ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹಾಲಸಿದ್ದ ಅವನ ಮಂಚದ ಪಕ್ಕ ಕೂತಿದ್ದ. ಎಲ್ಲರ ಎದುರಿಗೆ ರಾಜಾರಾಮ ಹೇಳಿದ ಮೊದಲ ಮಾತು ಇದು: ‘ಹಗ್ಗದ ನೆನಪ ಆಗಲಿಲ್ಲ ಮಾಂವಾ. ಆ ಪಟ್ಟಿ ನಂಬಿ ಕೈಯಷ್ಟ ಮಾಡಕೋತ ಕುಂತೆ. ಹಗ್ಗ ಜಗ್ಗಿದ್ರ ನೀ ಬಿಡತಿದ್ದೇನು?’

ಆ ಮಾತು ಹಾಲಸಿದ್ದನಿಗೆ ತಂಪು ನೀರು ಕುಡಿಸಿದ ಹಾಗಾಯಿತು. ಹಗ್ಗ ಚಪ್ಪಲಿಯಡಿಗೆ ಇತ್ತೆಂಬುದನ್ನು ಅವನು ಅಲ್ಲೇ ನುಂಗಿಕೊಂಡ. ಜಗ್ಗಲೇ ಇಲ್ಲವೆಂದ ಮೇಲೆ ಅದು ಎಲ್ಲಿದ್ದರೇನು? ಊರು ಮಿಷನ್ನಿಗೆ ಬೈಯಿತು, ಬಾಬಾಸಾಹೇಬರು ಪ್ರಾಜಕ್ತಾಳಿಗೆ ಇನ್ನು ಬರಬೇಡ ಎಂದರು. ಸತ್ತೆವ್ವನಂತೂ ದಿನಾ ರೊಟ್ಟಿ ತಟ್ಟುವಾಗ ಆ ಹುಡುಗಿಯ ಹೆಸರು ಹಿಡಿದು ಶಪಿಸುತ್ತಿದ್ದಳು. ಹಾಲಸಿದ್ದ ಎದುರಿಗೇ ಕೂತು ಅದೇ ರೊಟ್ಟಿ ತಿಂದ. ಒಂದು ವರ್ಷ ತಿಂದ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ನಾಚಿಕೆ ಒಂದರಿಂದ ಯಾರೂ ಬಾಯಿ ಬಿಡುವುದಿಲ್ಲ.

ಮಂಗಳವಾರ ಪ್ರಾಜಕ್ತಾ ಬಸ್ಸಿನಲ್ಲಿ ಬಂದಳು, ಜೀಪಿನಲ್ಲಲ್ಲ. ಸೊರಗಿದ್ದಳು. ಪಂಪಿನ ಕೋಣೆಯ ಹೊರಸಿನ ಮೇಲೆ ಕೂತು, ಕಂಪ್ಯೂಟರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ರಾಜಾರಾಮನ ಮನೆಗೆ ಹೋಗುವ ಧೈರ್ಯ ತನಗಿಲ್ಲ, ಅದಕ್ಕೇ ಇಲ್ಲಿಗೆ ಬಂದೆ ಎಂದಳು.

‘ನಾಳೆ ಬರದು ಕೊಡತೀನಿ ಕಾಕಾ. ಎಷ್ಟು ಸಲ ನೋಡಿದ್ರೂ ತಿಳೀವಲ್ದು. ಮುಷ್ಟಿಯ ಪಾಠ ಎಲ್ಲಕ್ಕಿಂತ ಛಲೋ ಕಲ್ತಿತ್ತು. ಕೆಲಸಕ್ಕ ಬಂದಾಗ ತಪ್ಪಿತು. ನಾನೂ ಅವತ್ತು ನಾಲ್ಕು ಸಲ ತಡಿ ಅಂತ ವಹಿಯಾಗ ಬರಕೊಂಡೆ, ನೋಡ್ರಿ. ಅಂವ ಕೆಳಗ ಒದ್ದಾಡಾಕತ್ತಿದ್ದ, ನಾ ಬರಕೋತ ಕುಂತಿದ್ದೆ.’ ಹೇಳುತ್ತ ಅವಳು ಅತ್ತಳು.

ಹಾಲಸಿದ್ದನಿಗೆ ಇನ್ನು ತಾಳಲಾಗಲಿಲ್ಲ. ತನ್ನ ಬಲಗೈಯನ್ನು ಅವಳ ಮುಂದೆ ಚಾಚಿ ಮುಷ್ಟಿ ಕಟ್ಟಿದ.

‘ಆ ಐವತ್ತು ಸಲ ಕಟ್ಟಿದ ಮುಷ್ಟಿ ಇದವ್ವಾ. ಅವಂದಲ್ಲ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಎಲ್ಲ ಹೇಳಿದ, ನದಿಯ ಲೆಕ್ಕ, ಸುಳ್ಳು ಕರೆ, ಬೇಡಕಿಹಾಳದ ಗಾಣ, ಮಡಚದ ಬೆರಳು. ಕೇಳುತ್ತ ಕೇಳುತ್ತ ಅವಳ ಕಣ್ಣೀರು ನಿಂತು ಮುಖ ಕೆಂಪಾಯಿತು.

‘ಒಂದು ವರ್ಷ ಕಾಕಾ! ಒಂದು ವರ್ಷ ನಾ ಕೊಲೆ ಮಾಡಿದಾಕಿ ಹಂಗ ಮಲಗೇನಿ. ನನಗ ಅವತ್ತ ಹೇಳಿದ್ರ ನಾ ನಗತಿದ್ದೆನೇನ್ರಿ? ಬ್ಯಾರೆ ಸನ್ನೆ ಇಡತಿದ್ದೆ. ಅಷ್ಟ ಇತ್ತು.’

‘ತಪ್ಪಾತವ್ವಾ. ಬರಿ, ನನ್ನ ಹೆಸರು ಹಾಕಿ ಬರಿ.’

‘ಹೆಸರು ಬ್ಯಾಡ’ ಎಂದಳು. ಆಮೇಲೆ ಕಂಪ್ಯೂಟರು ತೆರೆದಳು. ಸಿಟ್ಟಿನ ನಡುವೆಯೂ ಅವಳಲ್ಲಿ ಕೆಲಸದ ಹುರುಪು ಮರಳಿ ಬರುತ್ತಿದ್ದದ್ದು ಕಾಣುತ್ತಿತ್ತು. ‘ಹಂಗಾದ್ರ ಈ ನಾಲ್ಕು ತಡಿ ಅಂದ್ರ ನಾಲ್ಕು ಎಳಿ. ಇದು ಕೂಡಿತು. ಇನ್ನ ಒಂದ ಉಳೀತು ನೋಡ್ರಿ. ಇದು ಅವತ್ತ ಮಣಿಕಟ್ಟಿನ ಪಟ್ಟಿ ಬರದ ಗೆರಿ. ನಾ ಕಲಿಸಿದ್ದರಾಗ ಇದು ಯಾವ ಸನ್ನೆನೂ ಅಲ್ಲ, ಅದಕ್ಕ ಮಿಷನ್ನು ಏನೂ ಹೇಳಿಲ್ಲ. ಇದೇನು ಅಂತ ನಿಮಗೇನರ ಗೊತ್ತೈತೇನ್ರಿ?’

ಹಾಲಸಿದ್ದ ಬಗ್ಗಿ ನೋಡಿದ. ನೀಲಿ ಗೆರೆಯೊಂದು ಸಪಾಟಾಗಿ ಬಂದು ಒಂದು ಕಡೆ ಎದ್ದು ಬಿದ್ದಿತ್ತು. ಮತ್ತೆ ಎದ್ದು ಬಿದ್ದಿತ್ತು. ಮತ್ತೊಮ್ಮೆ. ಮೂರೂ ಒಂದೇ ಎತ್ತರ, ನಡುವೆ ಒಂದೇ ಅಂತರ. ಸ್ವಲ್ಪ ಮುಂದೆ ಅದೇ ಮೂರು ಮತ್ತೆ ಇದ್ದವು, ಈ ಸಲ ಗಿಡ್ಡ. ಇನ್ನೂ ಮುಂದೆ ಬರೇ ಎರಡು, ಅವೂ ನಡುಗಿದಂತಿದ್ದವು.

ಅಕ್ಷರ ಕೂಡಿಸಿ ಓದುವವನಿಗೂ ಅದನ್ನು ಓದುವುದು ಕಷ್ಟವಾಗಲಿಲ್ಲ. ಇಪ್ಪತ್ತಾರು ವರ್ಷ ಅದನ್ನೇ ಮಣಿಕಟ್ಟಿನಲ್ಲಿ ಓದಿದವನು. ಅವನ ಬಲ ಮಣಿಕಟ್ಟು ತಾನಾಗಿಯೇ ಎದೆಯ ಕಡೆಗೆ ಎಳೆದುಕೊಂಡಿತು.

‘ಹಗ್ಗ’ ಎಂದ. ‘ಹಗ್ಗ ಜಗ್ಗ್ಯಾನ.’

‘ಮತ್ತ ನಿಮಗ ತಿಳೀಲಿಲ್ಲೇನ್ರಿ?’

ಹಾಲಸಿದ್ದ ಕೆಳಗೆ ನೋಡಿದ. ಅದೇ ಟಾಯರಿನ ಚಪ್ಪಲಿ ಈಗಲೂ ಕಾಲಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಎದ್ದು ನಡೆದ.

ತಂಗಿಯ ಮನೆ ದೂರವಿಲ್ಲ, ಕಬ್ಬಿನ ಎರಡು ಹೊಲ ದಾಟಿದರೆ ಬರುತ್ತದೆ. ಆ ದಾರಿಯುದ್ದಕ್ಕೂ ಹಾಲಸಿದ್ದ ಒಂದನ್ನೇ ನೆನೆದ. ರಾಜಾರಾಮ ಕರೆದಿದ್ದ, ಎಳೆಯುವವನು ಎಳೆಯಲಿಲ್ಲ. ಹನ್ನೊಂದು ದಿನ ಸಾವಿನ ಜೊತೆ ಗುದ್ದಾಡಿ ಎದ್ದವನು, ಕಣ್ಣು ಬಿಟ್ಟ ಕೂಡಲೇ ಎಲ್ಲರ ಮುಂದೆ ಸುಳ್ಳು ಹೇಳಿ ತನ್ನನ್ನು ಕಾಪಾಡಿದ. ಆ ಸುಳ್ಳನ್ನು ತಾನು ಸಂತೋಷದಿಂದ ತೆಗೆದುಕೊಂಡು ಒಂದು ವರ್ಷ ಉಂಡಿದ್ದ. ಇಂಥ ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ರಾಜಾರಾಮ ಕಟ್ಟೆಯ ಮೇಲೆ ಕೌದಿ ಹೊದ್ದು ಕೂತಿದ್ದ. ‘ಬಾ ಮಾಂವಾ’ ಎಂದು ಸರಿದು ಜಾಗ ಕೊಟ್ಟ. ಒಳಗಿಂದ ಸತ್ತೆವ್ವ ‘ಅಣ್ಣಾ ಬಂದೀಯೇನೋ? ಚಾ ಇಡತೀನಿ’ ಎಂದು ಕೂಗಿದಳು.

ಹಾಲಸಿದ್ದ ಕೂರಲಿಲ್ಲ. ‘ಎಂಟು ಸಲ ಜಗ್ಗೀದಿ ಅಳ್ಯಾ’ ಎಂದ.

ರಾಜಾರಾಮ ಮುಖ ತಿರುಗಿಸಿ ಕಬ್ಬಿನ ಕಡೆ ನೋಡಿದ. ‘ಯಾರ ಹೇಳಿದ್ರು?’

‘ನಿನ್ನ ಕೈ ಹೇಳಿತು. ಆ ಹುಡುಗಿ ಕಂಪ್ಯೂಟರಿನಾಗ ಐತಿ.’

‘ನೀ ಎಳದಿಲ್ಲ ಅಂದ್ರ ಹಗ್ಗ ನಿನ್ನ ಕೈಯಾಗ ಇಲ್ಲ ಅಂತ ಕೆಳಗ ಇದ್ದಾಗನ ನನಗ ತಿಳೀತು’ ಎಂದ ರಾಜಾರಾಮ. ನಿಂತು ಗಾಳಿ ಎಳೆದುಕೊಂಡ. ‘ಅಕಿಗೆ ಹೇಳಬ್ಯಾಡ ಮಾಂವಾ. ಅಕಿಗೆ ತವರಿಮನಿ ಅಂತ ಇರೂದು ನೀ ಒಬ್ಬನ.’

ಅಷ್ಟರಲ್ಲಿ ಸತ್ತೆವ್ವ ಚಹಾ ತಂದಳು. ಯಾವಾಗಿನಂತೆ ಮೊದಲನೇ ಕಪ್ಪನ್ನು ಅಣ್ಣನ ಕೈಗೇ ಚಾಚಿದಳು. ಹಾಲಸಿದ್ದ ಕೈ ಮುಂದೆ ಮಾಡಲಿಲ್ಲ. ಅಳಿಯ ಬೇಡವೆಂದು ತಲೆಯಾಡಿಸುತ್ತಿದ್ದದ್ದನ್ನು ಕಂಡೂ ಕಾಣದವನಂತೆ, ‘ಇಡು ಅದನ್ನ ಅತ್ಲಾಗ, ಕುಂದರು. ಆ ಹುಡುಗಿಗೆ ಇನ್ನ ಬೈಬ್ಯಾಡ’ ಎಂದ. ನಿಂತುಕೊಂಡೇ ಎಲ್ಲ ಹೇಳಿದ. ಮುಷ್ಟಿಯದು ಹೇಳಿದ, ಚಪ್ಪಲಿಯದು ಹೇಳಿದ, ಮೂರು, ಮತ್ತೆ ಮೂರು, ಆಮೇಲೆ ನಡುಗುತ್ತ ಎರಡು, ಅದನ್ನೂ ಹೇಳಿದ. ಮುಚ್ಚಿಟ್ಟುಕೊಳ್ಳಲು ಇನ್ನೇನೂ ಉಳಿಯಲಿಲ್ಲ.

ಸತ್ತೆವ್ವ ಅಳಲಿಲ್ಲ, ಬೈಯಲಿಲ್ಲ. ಗಂಡನ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಆ ಮಡಚದ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಬಹಳ ಹೊತ್ತಾದ ಮೇಲೆ, ‘ಚಾ ಆರೇತಿ’ ಎಂದು ಎದ್ದಳು. ಒಳಗೆ ಹೋಗಿ ಮತ್ತೆ ಬಿಸಿ ಮಾಡಿ ತಂದಳು. ಗಂಡನ ಕಪ್ಪನ್ನು ಅವನ ಕೈಗೆ ಕೊಟ್ಟಳು.

ಅಣ್ಣನ ಕಪ್ಪನ್ನು ಕಟ್ಟೆಯ ಅಂಚಿನ ಮೇಲೆ ಇಟ್ಟು ಒಳಗೆ ಹೋದಳು.